ಮೇಸ್ತ್ರಿಯ ಜೇಬಿನಲ್ಲಿದ್ದ ಕೀಲಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಸ್ತ್ರಿಯ ಹೆಂಡತಿ, ನಮ್ಮೆಲ್ಲರ ಅಕ್ಕನಿಗೆ, ಅವರ ಮಗಳಿಗೆ, ನಿರ್ದೇಶಕರಿಗೆ, ನಮ್ಮ ವಿಭಾಗದ ಮುಖ್ಯಸ್ಥರಿಗೆ, ಕಾರ್ಯಾಗಾರದ ಗೆಳೆಯರಿಗೆ, ಕುರ್ಚಿ ಸಾಲದೆ ಬಾಗಿಲ ಬಳಿ ನಿಂತಿರುವವರಿಗೆ — ಎಲ್ಲರಿಗೂ.

ಮೊದಲು ಒಂದು ಅನ್ಯಾಯದ ಮಾತು. ಅದನ್ನು ಹೇಳದೆ ಬೇರೆ ಏನನ್ನು ಹೇಳುವುದಕ್ಕೂ ನನ್ನಿಂದ ಆಗುವುದಿಲ್ಲ. ಕೆಳಗೆ, ಮೆಟ್ಟಿಲ ಪಕ್ಕದ ನೋಟೀಸ್ ಬೋರ್ಡಿನಲ್ಲಿ ಒಂದು ಹಾಳೆ ಇದೆ. ಬರುವಾಗ ನೀವೆಲ್ಲ ಓದಿದ್ದೀರಿ. "ಸುರಕ್ಷತಾ ನಿಯಮವನ್ನು ಪಾಲಿಸದೆ ಸ್ಫೋಟ ಕೊಠಡಿಯನ್ನು ಪ್ರವೇಶಿಸಿದ ಕಾರಣ ಹಿರಿಯ ತಂತ್ರಜ್ಞರು ಮೃತಪಟ್ಟಿರುತ್ತಾರೆ." ಹೀಗೆ ಬರೆದಿದೆ. ಅದು ಸುಳ್ಳು. ಮೇಸ್ತ್ರಿ ನಿಯಮ ಪಾಲಿಸಿದ್ದರು. ನಿಯಮ ಮುರಿದವರು ನಾವು. ನಾವು ಎಂದರೆ — ನಾನೂ.

ನಿರ್ದೇಶಕ ಸರ್, ಕುಳಿತುಕೋ ಎಂದು ಕೈ ಸನ್ನೆ ಮಾಡಬೇಡಿ. ಹದಿನೈದು ನಿಮಿಷ ಕೊಟ್ಟಿದ್ದೀರಿ. ಹದಿನೈದೂ ನನಗೆ ಬೇಕು.

ಅಕ್ಕಾ, ನಾನು ನಿಮ್ಮ ಮನೆಗೆ ಬಂದಾಗ ನೀವು ಹೇಳಿದಿರಿ, "ಅವರು ಮನೇಲಿ ಕೆಲಸದ ಮಾತೇ ಎತ್ತುತ್ತಿರಲಿಲ್ಲ, ಕೇಳಿದ್ರೆ ತಗಡು ಒಡೀತೀವಿ ಅಂತಿದ್ರು" ಎಂದು. ಆದ್ದರಿಂದ ನಿಮಗಾಗಿ ಹೇಳುತ್ತೇನೆ. ಉಳಿದವರು ಸ್ವಲ್ಪ ತಾಳ್ಮೆಯಿಂದಿರಿ.

ನಾವು ತಗಡನ್ನೇ ಒಡೆಯುತ್ತೇವೆ. ಉಕ್ಕಿನ ಪ್ಲೇಟು, ಗಾಜು, ಪದರ ಪದರವಾಗಿ ಅಂಟಿಸಿದ ಹಲಗೆ — ಇವುಗಳ ಮೇಲೆ ಗುಂಡು ಹಾರಿಸುತ್ತೇವೆ, ಇವುಗಳ ಎದುರು ಸಣ್ಣ ಪ್ರಮಾಣದ ಸಿಡಿಮದ್ದು ಸಿಡಿಸುತ್ತೇವೆ. ಯಾವುದು ತಡೆಯುತ್ತದೆ, ಯಾವುದು ಬಾಗುತ್ತದೆ, ಯಾವುದು ಸೀಳಿ ಹರಿಯುತ್ತದೆ ಎಂದು ನೋಡಿ ಬರೆದಿಡುತ್ತೇವೆ. ನಾಳೆ ಎಲ್ಲೋ ಒಂದು ಬಾಯ್ಲರ್ ಸಿಡಿದರೆ ಪಕ್ಕದ ಗೋಡೆಯ ಆಚೆ ಕೆಲಸ ಮಾಡುವವರು ಬದುಕಬೇಕು, ಅದಕ್ಕಾಗಿ. ಸ್ಫೋಟ ಕೊಠಡಿಯ ಗೋಡೆ ಇಷ್ಟು ದಪ್ಪ — ನನ್ನ ಎರಡು ತೋಳು ಚಾಚಿದರೂ ಸಾಲದು. ಆ ಕೊಠಡಿಯಲ್ಲಿ ನಿಜವಾಗಿ ಸಿಡಿಸುವವರು ಮೇಸ್ತ್ರಿ. ಮೇಲಿನ ಮಹಡಿಯಲ್ಲಿ, ತಣ್ಣಗಿನ ರೂಮಿನಲ್ಲಿ, ಅದೇ ಸ್ಫೋಟವನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡುವವನು ನಾನು. ಅದಕ್ಕೆ ಸಿಮ್ಯುಲೇಶನ್ ಎನ್ನುತ್ತೇವೆ. ನನ್ನ ಸ್ಫೋಟಕ್ಕೆ ಸದ್ದಿಲ್ಲ, ವಾಸನೆಯಿಲ್ಲ, ಬೇಡವಾದರೆ ಅಳಿಸಿಬಿಡಬಹುದು.

ಅವರಿಗೆ ಮೇಸ್ತ್ರಿ ಎಂಬ ಹೆಸರು ಯಾಕೆ ಬಂತು ಎಂಬುದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಆ ಕೊಠಡಿ ಕಟ್ಟುವಾಗ ಅವರು ಗಾರೆ ಕೆಲಸಕ್ಕೆ ಬಂದವರು. ಗೋಡೆ ಎದ್ದಿತು, ಕಂತ್ರಾಟುದಾರ ಹೋದ, ಜೊತೆಯವರು ಹೋದರು. ಇವರು ಮಾತ್ರ ಮೊದಲನೆಯ ಸ್ಫೋಟ ನೋಡಿಕೊಂಡೇ ಹೋಗುತ್ತೇನೆ ಎಂದು ನಿಂತರಂತೆ. "ನಾನು ಕಟ್ಟಿದ ಗೋಡೆ ತಾಳುತ್ತೋ ಇಲ್ಲವೋ ನೋಡ್ಬೇಡ್ವಾ ಸ್ವಾಮಿ?" ಎಂದರಂತೆ. ಗೋಡೆ ತಾಳಿತು. ಇವರು ಉಳಿದರು. ಸಲಕರಣೆ ಒರೆಸುವುದರಿಂದ ಹಿಡಿದು ಹಿರಿಯ ತಂತ್ರಜ್ಞರ ತನಕ ಬಂದರು. ಪರೀಕ್ಷೆ ಬರೆದರು, ಪರವಾನಗಿ ಪಡೆದರು. ಹೆಸರು ಮಾತ್ರ ಮೇಸ್ತ್ರಿ ಎಂದೇ ಉಳಿಯಿತು.

ಅವರ ಎಡಗಿವಿ ಕೇಳುತ್ತಿರಲಿಲ್ಲ. ಹಳೆಯ ಕಾಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡಿದ್ದರ ಫಲ. ಹಾಗಾಗಿ ಗಟ್ಟಿಯಾಗಿ ಮಾತಾಡುತ್ತಿದ್ದರು. ಗುಟ್ಟು ಹೇಳಿದರೂ ಕ್ಯಾಂಟೀನಿಗೆಲ್ಲ ಕೇಳುತ್ತಿತ್ತು. ನಿರ್ದೇಶಕರ ಬಗ್ಗೆ ಹೇಳಿದ ಒಂದೆರಡು ಗುಟ್ಟು ನಿರ್ದೇಶಕರಿಗೂ ಕೇಳಿದೆ — ಸರ್, ನಗಬಹುದು. ಅವರಿದ್ದರೆ ಅವರೂ ನಗುತ್ತಿದ್ದರು.

ನಾನು ಇಲ್ಲಿಗೆ ಬಂದ ಮೊದಲ ತಿಂಗಳ ಒಂದು ಮಾತು. ನನ್ನ ಕಂಪ್ಯೂಟರ್ ಹೇಳಿತ್ತು, ಈ ಪ್ಲೇಟು ಹದಿನೆಂಟು ಮಿಲಿಮೀಟರ್ ಬಾಗುತ್ತದೆ, ಹರಿಯುವುದಿಲ್ಲ. ಬಣ್ಣ ಬಣ್ಣದ ಚಿತ್ರ ಮುದ್ರಿಸಿಕೊಂಡು ಹೆಮ್ಮೆಯಿಂದ ಕೆಳಗೆ ಹೋದೆ. ಮೇಸ್ತ್ರಿ ಚಿತ್ರ ನೋಡಲಿಲ್ಲ. ಪ್ಲೇಟಿನ ಹತ್ತಿರ ಹೋಗಿ, ಬಲಗಿವಿಯನ್ನು ಅದಕ್ಕೆ ಹತ್ತಿರ ತಂದು, ಬೆರಳಿನ ಗೆಣ್ಣಿನಿಂದ ಹೀಗೆ — ಎರಡು ಸಲ ತಟ್ಟಿದರು.

"ಹರಿಯುತ್ತೆ."

"ಇಲ್ಲ, ಲೆಕ್ಕ ಮಾಡಿದೀನಿ" ಎಂದೆ.

"ನೀನು ಪ್ಲೇಟಿನ ಲೆಕ್ಕ ಮಾಡಿದೀಯಪ್ಪ. ಬೆಸುಗೆ ಹಾಕಿದವನ ಲೆಕ್ಕ ಮಾಡಿಲ್ಲ. ಅವತ್ತು ಅವನಿಗೆ ಮನೆಗೆ ಹೋಗೋ ಅವಸರ ಇತ್ತು. ಈ ಮೂಲೆ ನೋಡು."

ಸಿಡಿಸಿದೆವು. ಆ ಮೂಲೆಯಿಂದಲೇ ಹರಿಯಿತು. ನನ್ನ ಮುಖ ನೋಡಿ ಅವರು ಅಯ್ಯೋ ಪಾಪ ಎಂದು ಟೀ ಕುಡಿಸಿದರು. "ಬೇಜಾರಾಗ್ಬೇಡ, ನಿನ್ನ ಚಿತ್ರ ಚೆನ್ನಾಗಿತ್ತು. ಮಗಳ ರೂಮಿಗೆ ಅಂಟಿಸ್ತೀನಿ ಕೊಡು" ಎಂದರು. ಅದು ಈಗಲೂ ಅಲ್ಲೇ ಗೋಡೆಯ ಮೇಲಿದೆ. ಮೊನ್ನೆ ಮನೆಗೆ ಹೋದಾಗ ನೋಡಿದೆ.

ಇನ್ನೊಂದು ಹೇಳುತ್ತೇನೆ, ಸಣ್ಣದು. ಸ್ಫೋಟವಾದ ಮೇಲೆ ಚೂರುಗಳನ್ನು ಆಯುವುದು ಅವರ ಕೆಲಸ. ಅಯಸ್ಕಾಂತ, ಒಂದು ಟ್ರೇ, ಒಂದು ಪೆನ್ಸಿಲ್. ಒಂದೊಂದು ಚೂರಿಗೂ ನಂಬರು. ಸಿಡಿಸುವ ಮುಂಚೆ ತೂಕ, ಆಮೇಲೆ ತೂಕ, ಎರಡೂ ಸರಿಹೋಗಬೇಕು. ಒಮ್ಮೆ ಮೂರು ಗ್ರಾಂ ಕಡಿಮೆ ಬಂತು. ಎಲ್ಲರೂ ಮನೆಗೆ ಹೊರಟೆವು. ಇವರು ಮಂಡಿಯೂರಿ ನೆಲ ಹುಡುಕುತ್ತಿದ್ದರು. ಕೊನೆಗೆ ತಲೆ ಎತ್ತಿ, ಬಾಗಿಲಲ್ಲಿ ನಿಂತಿದ್ದ ಮುಖ್ಯಸ್ಥರಿಗೆ, "ಸಾರ್, ಶೂ ಎತ್ತಿ" ಎಂದರು. ಬಲಗಾಲಿನ ಅಡಿಯಲ್ಲಿ ಚುಚ್ಚಿಕೊಂಡಿತ್ತು. "ನಲವತ್ತೊಂದು" ಎಂದು ಬರೆದು, ಟೋಪಿ ತೆಗೆದು, ಮನೆಗೆ ಹೋದರು.

ಇಂಥ ಮನುಷ್ಯ, ಮೂರು ಗ್ರಾಂ ಬಿಟ್ಟು ಹೋಗದ ಮನುಷ್ಯ, ನಿಯಮ ಪಾಲಿಸಲಿಲ್ಲ ಎಂದು ಆ ಹಾಳೆಯಲ್ಲಿ ಬರೆದಿದೆ.

ಈಗ ಆ ನಿಯಮ ಯಾವುದು ಎಂದು ಹೇಳುತ್ತೇನೆ. ಮಗಳೂ ಕೇಳಿಸಿಕೊಳ್ಳಬೇಕು.

ಸ್ಫೋಟ ಕೊಠಡಿಯ ಹೊರಗೆ, ಆ ದಪ್ಪ ಗೋಡೆಯ ಈಚೆ, ನಿಯಂತ್ರಣ ಕೊಠಡಿ ಇದೆ. ಅಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಮದ್ದಿಗೆ ವಿದ್ಯುತ್ ಹೋಗುವುದು ಆ ಪೆಟ್ಟಿಗೆಯಿಂದ. ಪೆಟ್ಟಿಗೆಗೆ ಒಂದು ಕೀಲಿ. ಕೀಲಿ ಇಲ್ಲದಿದ್ದರೆ ಪೆಟ್ಟಿಗೆ ಸತ್ತ ಹಾಗೆ, ಏನು ಒತ್ತಿದರೂ ಏನೂ ಆಗುವುದಿಲ್ಲ. ಕೊಠಡಿಯ ಒಳಗೆ ಹೋಗುವವನು ಆ ಕೀಲಿಯನ್ನು ತೆಗೆದು ತನ್ನ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು. ಅವನು ಹೊರಗೆ ಬಂದು ತನ್ನ ಕೈಯಾರೆ ಹಾಕುವ ತನಕ ಅದು ಅವನ ಜೇಬಿನಲ್ಲಿರಬೇಕು. ಅಷ್ಟೇ ನಿಯಮ. ಇದನ್ನು ಇಲ್ಲಿ ಜಾರಿಗೆ ತಂದವರೇ ಮೇಸ್ತ್ರಿ. ಕಾಗದದಲ್ಲಿ ಏನೇನೋ ಮೂವತ್ತು ಕಲಮುಗಳಿವೆ. ಅವರು ಹೊಸಬರಿಗೆ ಹೇಳುತ್ತಿದ್ದುದು ಒಂದೇ: "ಇದು ಕೀಲಿ ಅಲ್ಲಪ್ಪ. ಇದು ನನ್ನ ಜೀವ. ನನ್ನ ಜೀವ ನನ್ನ ಜೇಬಲ್ಲಿ ಇರ್ಲಿ, ನಿನ್ನ ಮೇಜಿನ ಮೇಲೆ ಬೇಡ."

ಆ ಕೀಲಿ ಒಂದೇ ಇತ್ತು. ಒಂದೇ ಇರಬೇಕಿತ್ತು.

ಕಳೆದ ವರ್ಷದ ತನಕ ನಾವು ದಿನಕ್ಕೆ ಎರಡು ಸ್ಫೋಟ ಮಾಡುತ್ತಿದ್ದೆವು. ಆಮೇಲೆ ಐದು ಮಾಡಬೇಕಾಯಿತು. ಯಾಕೆ? ನನ್ನ ಸಿಮ್ಯುಲೇಶನ್ನಿಗೆ ಹೆಚ್ಚು ಅಂಕಿಅಂಶ ಬೇಕಿತ್ತು. ಕೇಳಿದವನು ನಾನು. ಪತ್ರ ಬರೆದವನು ನಾನು. "ಪ್ರಯೋಗಗಳ ವೇಗ ಸಾಲದು" ಎಂಬ ವಾಕ್ಯ ನನ್ನದು. ಮುಖ್ಯಸ್ಥರು ಅದನ್ನು ಒಪ್ಪಿದರು. ಆದರೆ ಮೇಸ್ತ್ರಿ ಒಳಗೆ ಪ್ಲೇಟು, ಮದ್ದು ಜೋಡಿಸುತ್ತಿರುವಾಗ ಕೀಲಿ ಅವರ ಜೇಬಿನಲ್ಲಿ. ಪೆಟ್ಟಿಗೆ ಚಾಲೂ ಆಗದೆ ಕ್ಯಾಮೆರಾ ಪರೀಕ್ಷಿಸಲು ಆಗುವುದಿಲ್ಲ. ಸೆಕೆಂಡಿಗೆ ಹತ್ತಾರು ಸಾವಿರ ಚಿತ್ರ ತೆಗೆಯುವ ಕ್ಯಾಮೆರಾ ಅದು. ಪೆಟ್ಟಿಗೆಯ ಜೊತೆ ಮಾತಾಡಿಕೊಂಡೇ ಅದು 'ಸಿದ್ಧ' ಎನ್ನಬೇಕು. ಹಾಗಾಗಿ ಪ್ರತಿ ಸಲವೂ ಅವರು ಹೊರಗೆ ಬರುವ ತನಕ ಕಾಯಬೇಕು. ಹತ್ತು ನಿಮಿಷ. ಒಂದೊಂದು ಸಲ ಹದಿನೈದು.

ಆ ಹತ್ತು ನಿಮಿಷ ಉಳಿಸಲು, ಒಂದು ದಿನ, ನಾನು ಕೀಲಿಯ ನಕಲು ಮಾಡಿಸಿದೆ.

— ಹೌದು. ನಾನೇ.

ಮಗಳ ಪರೀಕ್ಷೆ ಎಂದು ಮೇಸ್ತ್ರಿ ರಜೆ ಹಾಕಿದ್ದ ದಿನ. ಕೀಲಿಯನ್ನು ಲಕೋಟೆಯಲ್ಲಿ ಹಾಕಿ ಮುಖ್ಯಸ್ಥರ ಮೇಜಿಗೆ ಒಪ್ಪಿಸಿ ಹೋಗಿದ್ದರು. ಮುಖ್ಯಸ್ಥರು ನನಗೆ ಹೇಳಿದರು, "ಕ್ಯಾಮೆರಾ ಚೆಕ್ ಮಾಡೋದಕ್ಕೆ ಮಾತ್ರ ಒಂದು ಇರ್ಲಿ. ತಂತಿ ಕಟ್ಟೋದಕ್ಕೆ ಮುಂಚೆ ತಾನೆ, ಏನಾಗುತ್ತೆ?" ನಾನು ಬಸ್ ನಿಲ್ದಾಣದ ಪಕ್ಕ, ರಸ್ತೆ ಬದಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂರುವ ಕೀಲಿಯವನ ಹತ್ತಿರ ಹೋದೆ. ಅವನು ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಯಾವ ಬೀಗದ್ದಣ್ಣ ಇದು?"

"ಆಫೀಸಿನ ಪೆಟ್ಟಿಗೇದು."

"ಇಂಥದ್ದಕ್ಕೆ ಜೋಡಿ ಕೊಟ್ಟಿರಲ್ಲ. ಬೇಕಂತ್ಲೇ ಒಂದೇ ಮಾಡಿರ್ತಾರೆ."

"ಗೊತ್ತು, ಮಾಡ್ಕೊಡು" ಎಂದೆ.

ಬೀದಿಯಲ್ಲಿ ಕೂತು ಅರ ಉಜ್ಜುವ ಒಬ್ಬ ಮನುಷ್ಯ ಒಂದು ಕ್ಷಣದಲ್ಲಿ ಕಂಡದ್ದನ್ನು ಇಷ್ಟು ದೊಡ್ಡ ಸಂಸ್ಥೆಯಲ್ಲಿ ನಾವು ಯಾರೂ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಸುಳ್ಳು. ಕಂಡೆವು, ಅವಸರದಲ್ಲಿದ್ದೆವು.

ನನ್ನ ಚೀಲದಲ್ಲಿ ಯಾವಾಗಲೂ ಸಣ್ಣ ಸಣ್ಣ ಪುಸ್ತಿಕೆಗಳಿರುತ್ತವೆ ಎಂಬುದು ನಿಮಗೆ ಗೊತ್ತು. ಕೆಲಸಗಾರರ ಹಕ್ಕು, ಕಾರ್ಖಾನೆಯ ಸಾವುಗಳು, ಯಾರ ಲಾಭ, ಯಾರ ರಕ್ತ — ಬಸ್ಸಿನಲ್ಲಿ ಓದಿ, ಟೀ ಹೊತ್ತಿಗೆ ಎಲ್ಲರ ತಲೆ ತಿನ್ನುತ್ತಿದ್ದೆ. ಮೇಸ್ತ್ರಿ ಕೇಳುತ್ತಿದ್ದರು, ಬಿಸ್ಕತ್ತು ಅದ್ದಿಕೊಂಡು. "ಎಲ್ಲಾ ಸರಿ ಕಣಪ್ಪ. ಮದ್ದಿನ ಕೈಯಲ್ಲಿ ಬಿಸ್ಕತ್ತು ತಿನ್ಬೇಡ ಅಂತ ಅದ್ರಲ್ಲಿ ಬರ್ದಿದಾರಾ? ಮೊದ್ಲು ಕೈ ತೊಳಿ, ಆಮೇಲೆ ಲೋಕ ತೊಳಿಯೋಣ" ಎನ್ನುತ್ತಿದ್ದರು. ಅವತ್ತು ಕೀಲಿಯವನ ಎದುರು ನಿಂತಾಗಲೂ ನನ್ನ ಹೆಗಲಲ್ಲಿ ಅದೇ ಚೀಲವಿತ್ತು. ಆ ಪುಸ್ತಿಕೆಗಳನ್ನು ಈಚೆಗೆ ಮತ್ತೆ ತೆಗೆದು ನೋಡಿದೆ. ಅವುಗಳಲ್ಲಿ ತಪ್ಪು ಮಾಡುವವರು ಯಾವಾಗಲೂ ಬೇರೆಯವರು. ತಪ್ಪು ಮಾಡಿದವನು ಓದುಗನೇ ಆಗಿದ್ದರೆ ಮುಂದೇನು ಎಂದು ಯಾವ ಪುಟದಲ್ಲೂ ಇಲ್ಲ.

ಆರು ತಿಂಗಳು ಹೀಗೇ ನಡೆಯಿತು. ಮೇಸ್ತ್ರಿ ಒಳಗೆ, ಅವರ ಜೇಬಿನಲ್ಲಿ ಅವರ ಕೀಲಿ. ಹೊರಗೆ ನಾವು ನಕಲು ಹಾಕಿ, ಕ್ಯಾಮೆರಾ ನೋಡಿ, ಅವರು ಬರುವಷ್ಟರಲ್ಲಿ ನಕಲು ತೆಗೆದು ಡ್ರಾಯರಿನಲ್ಲಿ. ಅವರಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿ ಅವರ ಗಟ್ಟಿ ದನಿ ಕೇಳಿದರೆ ಸಾಕು, ನಾವು ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರ ಹಾಗೆ ಚೀಟಿ ಅಡಗಿಸುತ್ತಿದ್ದೆವು. ನಗುತ್ತಿದ್ದೆವು ಕೂಡ. ಯಾಕೆಂದರೆ ಏನೂ ಆಗುತ್ತಿರಲಿಲ್ಲ. ಮದ್ದಿಗೆ ತಂತಿ ಕೂಡಿಸುವುದು ಅವರ ಕಟ್ಟಕಡೆಯ ಕೆಲಸ. ಅದಕ್ಕೆ ಮುಂಚೆ ಪೆಟ್ಟಿಗೆ ಚಾಲೂ ಇದ್ದರೂ ಅಪಾಯವಿಲ್ಲ — ಇದು ನಮ್ಮ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಒಂದು ದಿನದ ಮಟ್ಟಿಗೆ ಬಿಟ್ಟು.

ಆ ಮಂಗಳವಾರ. ದಿನದ ಮೂರನೆಯ ಸ್ಫೋಟ. ಮೇಸ್ತ್ರಿ ತಂತಿ ಕೂಡಿಸಿ ಹೊರಗೆ ಬಂದರು, ಬಾಗಿಲು ಹಾಕಿದರು, ತಮ್ಮ ಕೀಲಿ ಹಾಕಿ ತಿರುಗಿಸಿದರು. ಕಂಪ್ಯೂಟರ್ ಎಣಿಕೆ ಶುರುಮಾಡಿತು. ಹತ್ತು, ಒಂಬತ್ತು, ಎಂಟು — ನಾಲ್ಕಕ್ಕೆ ಬಂದು ನಿಂತಿತು. ಕ್ಯಾಮೆರಾ ಕೈಕೊಟ್ಟಿತ್ತು. ಕ್ಯಾಮೆರಾ ಸಿದ್ಧವಿಲ್ಲದೆ ಕಂಪ್ಯೂಟರ್ ಸಿಡಿಸುವುದಿಲ್ಲ, ಕಾಯುತ್ತದೆ. ಮೇಸ್ತ್ರಿ ಕೀಲಿ ತೆಗೆದರು. ಅಂಗಿಯ ಜೇಬಿಗೆ ಹಾಕಿಕೊಂಡರು. ಗುಂಡಿ ಹಾಕಿಕೊಂಡರು. ಇದನ್ನು ನಾನು ಕಣ್ಣಾರೆ ಕಂಡೆ. ಅಂಕಿಅಂಶ ಒಯ್ಯಲು ನಾನು ಅಲ್ಲೇ ನಿಂತಿದ್ದೆ.

ಸಿಡಿಯದ ಮದ್ದಿನ ಹತ್ತಿರ ಅರ್ಧ ಗಂಟೆ ಯಾರೂ ಹೋಗಬಾರದು. ಅವರು ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತರು. ಗೋಡೆ ಗಡಿಯಾರ ನೋಡಿಕೊಂಡು, ಒಂದು ನಿಮಿಷವೂ ಕಡಿಮೆ ಇಲ್ಲದೆ. ಮುಖ್ಯಸ್ಥರ ಫೋನ್ ಬಂತು, ಇನ್ನೆಷ್ಟು ಹೊತ್ತು ಎಂದು. "ಇನ್ನೂ ಹನ್ನೊಂದು ನಿಮಿಷ ಸಾರ್. ನನಗೆ ಅವಸರ ಇಲ್ಲ" ಎಂದರು. ಅರ್ಧ ಗಂಟೆ ಆದ ಮೇಲೆ ಎದ್ದು, ಜೇಬು ಮುಟ್ಟಿ ನೋಡಿಕೊಂಡು, ತಂತಿ ಬಿಚ್ಚಲು ಒಳಗೆ ಹೋದರು.

ಕ್ಯಾಮೆರಾದವನು ಕ್ಯಾಮೆರಾ ಆರಿಸಿ ಮತ್ತೆ ಹಚ್ಚಿದ. ಅದು 'ಸಿದ್ಧ' ಎನ್ನುತ್ತದೋ ಇಲ್ಲವೋ ನೋಡಬೇಕು, ನೋಡಲು ಪೆಟ್ಟಿಗೆ ಚಾಲೂ ಇರಬೇಕು. ಡ್ರಾಯರಿನಿಂದ ನಕಲು ತೆಗೆದು ಹಾಕಿದ. ಆರು ತಿಂಗಳಿಂದ ನಾವೆಲ್ಲ ದಿನಕ್ಕೆ ಐದು ಸಲ ಮಾಡಿದ ಹಾಗೆಯೇ, ಯೋಚನೆಯಿಲ್ಲದೆ. ತಂತಿ ಇನ್ನೂ ಕೂಡಿಕೊಂಡೇ ಇದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನಗೂ ಹೊಳೆಯಲಿಲ್ಲ. ಕ್ಯಾಮೆರಾ 'ಸಿದ್ಧ' ಎಂದಿತು. ಕಂಪ್ಯೂಟರ್, ತಾನು ನಿಂತಲ್ಲಿಂದ ಎಣಿಕೆ ಮುಂದುವರಿಸಿತು. ಮೂರು. ಎರಡು.

ನಾನು ಬಾಗಿಲ ಕಡೆ ತಿರುಗಿದೆ. ಕೂಗಿದೆನಾ, ಇಲ್ಲವಾ, ನನಗೆ ನೆನಪಿಲ್ಲ. ಕೂಗಿದ್ದರೂ —

ಕ್ಷಮಿಸಿ. ಸ್ವಲ್ಪ ನೀರು.

ಕ್ಯಾಮೆರಾದವನು ಇವತ್ತು ಬಂದಿಲ್ಲ. ಅವನನ್ನು ಯಾರೂ ಬೈಯಬೇಡಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಾನೆ, ಅನ್ನ ಮುಟ್ಟುತ್ತಿಲ್ಲ ಎಂದು ಅವನ ತಾಯಿ ಹೇಳಿದರು. ಅವತ್ತು ಅವನ ಕೈ. ಹಿಂದಿನ ದಿನ ಬೇರೆಯವರ ಕೈ. ಅದರ ಹಿಂದಿನ ವಾರ ನನ್ನ ಕೈ. ಆ ನಕಲು ಕೀಲಿಯನ್ನು ಒಂದಲ್ಲ ಒಂದು ಸಲ ತಿರುಗಿಸಿದವರು ನಾವು ಏಳು ಜನ. ಅವನನ್ನೂ ನನ್ನನ್ನೂ ಬಿಟ್ಟು ಉಳಿದ ಐದು ಜನ ಈ ಸಭೆಯಲ್ಲಿದ್ದಾರೆ. ಹೆಸರು ಹೇಳುವುದಿಲ್ಲ.

ಆಮೇಲೆ ಏನಾಯಿತು ಎಂದರೆ — ನಕಲು ಕೀಲಿ ಕಾಣೆಯಾಯಿತು. ಪೊಲೀಸರು ಬರುವಷ್ಟರಲ್ಲಿ ಪೆಟ್ಟಿಗೆಯಲ್ಲೂ ಇರಲಿಲ್ಲ, ಡ್ರಾಯರಿನಲ್ಲೂ ಇರಲಿಲ್ಲ. ವಿಚಾರಣಾ ಸಮಿತಿಯವರು ಕೇಳಿದರು, "ಪೆಟ್ಟಿಗೆಗೆ ಎಷ್ಟು ಕೀಲಿ?" ಎಲ್ಲರೂ ಹೇಳಿದರು, "ಒಂದು." ನಾನೂ ಹೇಳಿದೆ. ಸಹಿ ಮಾಡಿದೆ. ನನ್ನ ಹೇಳಿಕೆಯಲ್ಲಿ ಹೀಗಿದೆ: "ಎರಡನೆಯ ಕೀಲಿಯ ಬಗ್ಗೆ ನನಗೆ ತಿಳಿದಿಲ್ಲ." ಅಷ್ಟು ದಿನ ಹಕ್ಕು, ನ್ಯಾಯ ಎಂದು ಬಡಬಡಿಸಿದವನು, ಸಹಿಯ ಕೆಳಗೆ ತಾರೀಖನ್ನೂ ಅಂದವಾಗಿ ಬರೆದೆ. ಹೆದರಿಕೆ ಎಂದರೆ ಹೀಗೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಹಳ ತಣ್ಣಗೆ ಇರುತ್ತದೆ.

ಒಂದೇ ಕೀಲಿ ಇದ್ದರೆ, ಪೆಟ್ಟಿಗೆ ಚಾಲೂ ಆಗಿದ್ದರೆ, ಅದರ ಅರ್ಥ ಏನು? ಮೇಸ್ತ್ರಿ ಕೀಲಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಒಳಗೆ ಹೋದರು ಎಂದರ್ಥ. ಪೆಟ್ಟಿಗೆಯಲ್ಲಿ ಕೀಲಿ ಸಿಗದಿದ್ದುದಕ್ಕೆ, ಆ ಗಲಾಟೆಯಲ್ಲಿ ಯಾರೋ ತೆಗೆದಿರಬೇಕು ಎಂದು ಬರೆದುಕೊಂಡರು. ಆ ನೋಟೀಸು ಹುಟ್ಟಿದ್ದು ಹೀಗೆ.

ಇನ್ನೂ ಒಂದು ಇದೆ. ಸಮಿತಿಯವರು ನನಗೇ ಒಂದು ಕೆಲಸ ಕೊಟ್ಟರು. ಸ್ಫೋಟವನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡು, ಅವರು ಎಲ್ಲಿ ನಿಂತಿದ್ದರು ಎಂದು ತೋರಿಸು. ನಾನು ಮಾಡಿದೆ. ನನ್ನ ಸಿಮ್ಯುಲೇಶನ್ನಿನಲ್ಲಿ ಮನುಷ್ಯ ಎಂದರೆ ಒಂದು ಕಂಬ. ಇಷ್ಟು ಎತ್ತರ, ಇಷ್ಟು ದಪ್ಪ, ಇಷ್ಟು ತೂಕ. ಅವರ ಎತ್ತರ ಕಚೇರಿಯ ಕಡತದಲ್ಲಿತ್ತು. ಬರೆದೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಸ್ಫೋಟಕ್ಕೆ ಕಂಪ್ಯೂಟರ್ ಒಂಬತ್ತು ತಾಸು ಲೆಕ್ಕ ಹಾಕುತ್ತದೆ. ಫಲಿತಾಂಶ ಬಂತು. ಆಮೇಲೆ, ಯಾರೂ ಹೇಳದಿದ್ದರೂ, ಆ ಕಂಬವನ್ನು ಒಂದು ಮೀಟರ್ ಹಿಂದೆ ಸರಿಸಿದೆ. ಮತ್ತೆ ಒಂಬತ್ತು ತಾಸು. ಬದುಕಲಿಲ್ಲ. ಎರಡು ಮೀಟರ್. ಬದುಕಲಿಲ್ಲ. ಮೂಲೆಗೆ ನಿಲ್ಲಿಸಿದೆ, ಮಲಗಿಸಿದೆ, ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಇಡೀ ವಾರ ಅದನ್ನೇ ಮಾಡಿದೆ. ಕೊನೆಗೆ ಬಾಗಿಲ ಹೊರಗೆ, ಗೋಡೆಯ ಈಚೆ ನಿಲ್ಲಿಸಿದೆ. ಅಲ್ಲಿ ಏನೂ ಆಗಲಿಲ್ಲ. ಅವರು ಕಟ್ಟಿದ ಗೋಡೆ ಅದು, ಆಚೆಯದನ್ನು ಆಚೆಯೇ ಇಟ್ಟಿತು. ಕಂಬ ಸುಮ್ಮನೆ ನಿಂತಿತ್ತು. ನಾನು ಆ ಚಿತ್ರವನ್ನು ನೋಡುತ್ತಾ ಕೂತೆ. ನನ್ನ ವಿದ್ಯೆಯಿಂದ ನನಗೆ ಆದದ್ದು ಅಷ್ಟೇ.

ಅಕ್ಕಾ, ಹೋದ ಭಾನುವಾರ ನಾನು ನಿಮ್ಮ ಮನೆಗೆ ಬಂದಾಗ ನೀವು ಆಸ್ಪತ್ರೆಯವರು ಕೊಟ್ಟ ಪೊಟ್ಟಣ ತೆಗೆದಿರಿ. ಕೈಗಡಿಯಾರ, ಕನ್ನಡಕದ ಒಂದು ಕಡ್ಡಿ, ಒಂದು ಕೀಲಿ. ನೀವು ಕೇಳಿದಿರಿ —

"ಇದು ಯಾವುದರ ಕೀಲಿ ಅಂತ ನಿನಗೇನಾದ್ರೂ ಗೊತ್ತಾ? ಬೀರು, ಪೆಟ್ಟಿಗೆ, ಹಿತ್ತಿಲ ಬಾಗಿಲು, ಎಲ್ಲಕ್ಕೂ ಹಾಕಿ ನೋಡ್ದೆ. ನಮ್ಮನೇಲಿ ಯಾವುದಕ್ಕೂ ಆಗ್ತಿಲ್ಲ. ಜೇಬಲ್ಲಿ ಗುಂಡಿ ಹಾಕಿ ಇಟ್ಕೊಂಡಿದ್ರಂತೆ."

ನಾನು ಗೊತ್ತಿಲ್ಲ ಎಂದೆ. ನೀವು ಕೊಟ್ಟ ನೀರು ಕುಡಿದು ಎದ್ದುಬಂದೆ. ಹೊರಗೆ ಗೇಟಿನ ತನಕ ನಿಮ್ಮ ಮಗಳು ಬಂದಳು. "ಅಣ್ಣಾ, ಒಂದ್ಮಾತು. ಅಪ್ಪ ನಿಜವಾಗ್ಲೂ ರೂಲ್ಸ್ ಮುರಿದ್ರಾ? ನನಗೆ ಸೈಕಲ್‌ಗೆ ಬೆಲ್ ಇಲ್ದೆ ಬೀದಿಗೆ ಬಿಡ್ತಿರಲಿಲ್ಲ ಅವರು" ಎಂದಳು. ಬಸ್ ಬಂತು ಎಂದು ಓಡಿದೆ. ಬಸ್ ಬಂದಿರಲಿಲ್ಲ.

ತಂಗೀ, ಈಗ ಹೇಳುತ್ತಿದ್ದೇನೆ. ಇಷ್ಟು ಜನರ ಎದುರು. ಇಲ್ಲ. ನಿಮ್ಮಪ್ಪ ಮುರಿಯಲಿಲ್ಲ. ನಿಮ್ಮ ಮನೆಯ ಮೇಜಿನ ಮೇಲಿರುವುದು ಆ ಪೆಟ್ಟಿಗೆಯ ಕೀಲಿ. ಅದು ಎಲ್ಲಿರಬೇಕಿತ್ತೋ ಅಲ್ಲೇ ಇತ್ತು.

ನಿನ್ನೆ ಕಚೇರಿಯಿಂದ ನಿಮಗೆ ಪತ್ರ ಬಂದಿದೆ, ಸಂಸ್ಥೆಗೆ ಸೇರಿದ ವಸ್ತುಗಳಿದ್ದರೆ ಹಿಂದಿರುಗಿಸಿ ಎಂದು. ಕೀಲಿ ಎಂಬ ಪದ ಅದರಲ್ಲಿಲ್ಲ. ಆದರೆ ಕೇಳುತ್ತಿರುವುದು ಅದನ್ನೇ. ಅಕ್ಕಾ, ಗುರುವಾರದ ತನಕ ಅದನ್ನು ಯಾರ ಕೈಗೂ ಕೊಡಬೇಡಿ. ನನ್ನ ಕೈಗೂ ಕೊಡಬೇಡಿ.

ಗುರುವಾರ ಯಾಕೆ ಎಂದರೆ, ಅಂದು ಸಮಿತಿಯ ಕೊನೆಯ ಬೈಠಕ್ಕು. ಅಂದು ಸಹಿಯಾದರೆ ಮುಗಿಯಿತು. ಆ ವಾಕ್ಯ ಕಡತಕ್ಕೆ ಹೋಗುತ್ತದೆ. ಆಮೇಲೆ ಅವರ ಮಗಳು ಎಷ್ಟು ವರ್ಷ ಬಿಟ್ಟು ಬಂದು ಕೇಳಿದರೂ ಅದನ್ನೇ ತೆಗೆದು ತೋರಿಸುತ್ತಾರೆ. ಮುಂದಿನ ಸೋಮವಾರದಿಂದ ಸ್ಫೋಟ ಮತ್ತೆ ಶುರು, ದಿನಕ್ಕೆ ಐದು. ಒಳಗೆ ಹೋಗಲು ಹೊಸ ತಂತ್ರಜ್ಞರನ್ನು ಗೊತ್ತುಮಾಡಿದ್ದಾರೆ. ಅವರಿಗೆ ಮೇಸ್ತ್ರಿಯ ತಪ್ಪಿನ ಬಗ್ಗೆ ಪಾಠ ಮಾಡುತ್ತಾರಂತೆ.

ನಾನು ಏನು ಮಾಡಿದೆ? ಸಮಿತಿಯ ಗುಮಾಸ್ತರ ಹತ್ತಿರ ಹೋದೆ. ನನ್ನ ಹೇಳಿಕೆ ವಾಪಸ್ ಬೇಕು, ಅದು ಸುಳ್ಳು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಕೊಟ್ಟ ಹೇಳಿಕೆ ವಾಪಸ್ ಬರಲ್ಲಪ್ಪ. ಹೊಸದು ಕೊಡು, ಬೇಡ ಅನ್ನಲ್ಲ. ಆದ್ರೆ ಮೊದ್ಲು ಹಾಗೆ, ಈಗ ಹೀಗೆ ಅಂದ್ರೆ ಒಬ್ಬನ ಮಾತು ನಿಲ್ಲಲ್ಲ. ಜೇಬಲ್ಲಿ ಸಿಕ್ಕ ಕೀಲೀನೂ ಆಮೇಲೆ ಯಾರೋ ಹಾಕಿದ್ದು ಅಂತಾರೆ. ಆ ಇನ್ನೊಂದು ಕೀಲಿ ನೋಡಿದವರು ಇನ್ನೊಬ್ಬರು ಬರ್ಬೇಕು. ಒಬ್ಬರೇ ಸಾಕು. ಆದ್ರೆ ಬರ್ಬೇಕು."

ಒಬ್ಬರು. ಏಳು ಜನರಲ್ಲಿ ಇನ್ನೊಬ್ಬರು.

ಮೂರು ದಿನ ತಿರುಗಿದೆ. ಒಬ್ಬರು ಬಾಗಿಲಲ್ಲೇ ಹೇಳಿದರು, "ನಂಗೆ ಇಬ್ಬರು ಮಕ್ಕಳು ಕಣಯ್ಯ, ನಿನಗಾದ್ರೆ ಹಿಂದೂ ಇಲ್ಲ ಮುಂದೂ ಇಲ್ಲ." ನಿಜ. ಇನ್ನೊಬ್ಬರು, "ಹೋದವರು ವಾಪಸ್ ಬರ್ತಾರಾ? ಇದ್ದವರ ಬಾಯಿಗೆ ಮಣ್ಣು ಹಾಕ್ಬೇಡ" ಎಂದರು. ಮತ್ತೊಬ್ಬರು ಚಹಾ ಕೊಟ್ಟು, ಮೇಸ್ತ್ರಿಯನ್ನು ನೆನೆದು ಅತ್ತು, ಕಣ್ಣು ಒರೆಸಿಕೊಂಡು, "ಯಾವ ಕೀಲಿ?" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಹೆದರಿಕೆ. ಮುಂಚೆ ಎಷ್ಟು ಬೇಗ ಸಿಟ್ಟು ಬರುತ್ತಿತ್ತು ನನಗೆ! ಈಗ ಯಾರ ಮುಖ ನೋಡಿದರೂ ಸಹಿ ಮಾಡುವಾಗಿನ ನನ್ನ ಮುಖವೇ ಕಾಣುತ್ತದೆ.

ಮುಖ್ಯಸ್ಥರೇ, ನಿಮ್ಮ ಹತ್ತಿರವೂ ಬಂದಿದ್ದೆ. ನೀವು ಕಿಟಕಿಯ ಕಡೆ ತಿರುಗಿ ಹೇಳಿದಿರಿ, "ನಾನು ಒಂದು ಇರ್ಲಿ ಅಂದೆ. ಮಾಡಿಸು ಅನ್ನಲಿಲ್ಲ." ನೀವು ಕೆಟ್ಟವರಲ್ಲ, ಸರ್. ಅವರ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನೀವೂ ಒಬ್ಬರು. ಕೆಟ್ಟವರೊಬ್ಬರು ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನನ್ನ ಕೈಯಲ್ಲಿ ಇರುವುದು ಇಷ್ಟು. ಒಂದು ಸುಳ್ಳು ಸಹಿ, ಯಾರೂ ನಂಬಬೇಕಾಗಿಲ್ಲದ ಒಂದು ನಿಜ. ಇದನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು ಎಂದು ಗೊತ್ತಾಗದೆ ಈ ಮೈಕಿನ ಮುಂದೆ ಬಂದಿದ್ದೇನೆ. ನಾಳೆ ನನ್ನನ್ನು ಇಲ್ಲಿಂದ ಕಳಿಸಬಹುದು. ಪೊಲೀಸರು ಕರೆಯಬಹುದು. ಕರೆಯಲಿ, ಕರೆಯಬೇಕು. ಆದರೆ ಅದರಿಂದಲೂ ಆ ವಾಕ್ಯ ಅಳಿಯುವುದಿಲ್ಲ. ಅದನ್ನು ಅಳಿಸಲು ನಾನೊಬ್ಬ ಸಾಲದು. ಇದೊಂದು ಮಾತ್ರ ನನಗೆ ಖಚಿತವಾಗಿ ಗೊತ್ತು.

ಮುಗಿಸುತ್ತೇನೆ. ಮೌನಾಚರಣೆ ಆದ ಮೇಲೆ ಮತ್ತೆ ಮಾತಾಡುವುದು ಸರಿಯಲ್ಲ, ಆದ್ದರಿಂದ ಹೇಳಬೇಕಾದ್ದನ್ನೆಲ್ಲ ಈಗಲೇ ಹೇಳಿಬಿಡುತ್ತೇನೆ.

ಈಗ ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ. ಯಾರೂ ಯಾರ ಮುಖವನ್ನೂ ನೋಡುವುದು ಬೇಡ. ಆ ಏಳರಲ್ಲಿ ಯಾರು ಯಾರು ಎಂದು ಹುಡುಕುವುದು ಬೇಡ. ಮೇಸ್ತ್ರಿಯನ್ನು ನೆನೆಯಿರಿ, ಅಷ್ಟೇ. ಆಮೇಲೆ ಅಕ್ಕನಿಗೂ ಮಗಳಿಗೂ ದಾರಿ ಬಿಟ್ಟು, ಅವರು ಹೋದ ಮೇಲೆ ಹೊರಡಿ. ನನ್ನ ಹತ್ತಿರ ಬಂದು ಏನೂ ಹೇಳಬೇಕಾಗಿಲ್ಲ. ಸಮಿತಿ ಕೂರುವುದು ಎರಡನೆಯ ಮಹಡಿಯ ಕೊನೆಯ ಕೊಠಡಿಯಲ್ಲಿ. ಹೊರಗೆ ಒಂದು ಬೆಂಚಿದೆ, ಇಬ್ಬರು ಕೂರಬಹುದು. ನಾನು ಅಲ್ಲಿರುತ್ತೇನೆ.

ಗುರುವಾರ, ಬೆಳಿಗ್ಗೆ ಹತ್ತೂವರೆ.